ಸಿಡಿಲಿಗೆ ಸುಟ್ಟ ರೌಟರ್‌ಗೆ ನಾನೇ ಫರ್ಮ್‌ವೇರ್ ಮಾಡ್ಬಹುದಾ?

ಪ್ರಶ್ನೆ: ಸರ್, ನಮ್ಮೂರು ತೀರ್ಥಹಳ್ಳಿ ಹತ್ರ, ನಾನು ಇಂಜಿನಿಯರಿಂಗ್ 5ನೇ ಸೆಮ್ ಓದ್ತಾ ಇದೀನಿ. ಹೋದ ಮಳೆಗಾಲದಲ್ಲಿ ಸಿಡಿಲು ಹೊಡ್ದು ಮನೆಯ ಹಳೇ ಟಿಪಿ-ಲಿಂಕ್ 841ಎನ್ ವರ್ಷನ್ 9 ರೌಟರ್‌ನ ನೀಲಿ ಪೋರ್ಟ್ ಸತ್ತೋಯ್ತು, ಹಳದಿ ಪೋರ್ಟು, ವೈಫೈ ಎಲ್ಲಾ ಸರಿ ಇದೆ. ಇದಕ್ಕೆ ಸ್ವಂತ ಫರ್ಮ್‌ವೇರ್ ಮಾಡಿ ಒಂದು ಹಳದಿ ಪೋರ್ಟನ್ನೇ ಇಂಟರ್ನೆಟ್ ಪೋರ್ಟ್ ಮಾಡ್ಬಹುದಾ? ಅದನ್ನೇ ಕಾಲೇಜ್ ಪ್ರಾಜೆಕ್ಟಾಗೂ ತೋರಿಸ್ಬೇಕು ಅಂತ. ಸಿ ಬರತ್ತೆ, ಲಿನಕ್ಸ್ ಸುಮಾರಾಗಿ ಬರತ್ತೆ. ಪೂರ್ತಿ ಕೆಟ್ಟೋದ್ರೆ ಏನ್ಮಾಡೋದು? ಕಾನೂನು ಪ್ರಕಾರ ತಪ್ಪಾಗತ್ತಾ?

ಉತ್ತರ: ಮಾಡ್ಬಹುದು. ಆದ್ರೆ ಮೊದ್ಲೇ ಒಂದು ಮಾತು, ಮನೇಲಿ ವೈಫೈ ಬಂದ್ರೆ ಸಾಕು ಅನ್ನೋದಾದ್ರೆ ಫರ್ಮ್‌ವೇರ್ (ರೌಟರ್ ಒಳಗೆ ಓಡೋ ಸಾಫ್ಟ್‌ವೇರ್) ಸಹವಾಸಾನೇ ಬೇಡ. ಫೈಬರ್‌ನವ್ರು ಕೊಟ್ಟಿರೋ ಡಬ್ಬಿನೇ ಲಾಗಿನ್ ಎಲ್ಲಾ ಮಾಡ್ಕೊಳ್ತಾ ಇದ್ರೆ ಅದ್ರಿಂದ ಒಂದು ಕೇಬಲ್ ಎಳ್ದು 841ರ ಹಳದಿ ಪೋರ್ಟಿಗೆ ಚುಚ್ಚಿ, 841ರಲ್ಲಿ ಡಿಎಚ್‌ಸಿಪಿ (ಫೋನು, ಲ್ಯಾಪ್‌ಟಾಪಿಗೆ ಐಪಿ ಅಡ್ರೆಸ್ ಹಂಚೋ ಕೆಲ್ಸ) ಆಫ್ ಮಾಡಿ, ಅದಕ್ಕೆ ಡಬ್ಬಿಯ ಐಪಿಗೆ ಡಿಕ್ಕಿ ಹೊಡೀದಿರೋ ಬೇರೆ ಐಪಿ ಕೊಟ್ರೆ ಮುಗೀತು, ಐದು ನಿಮಿಷದ ಕೆಲ್ಸ. ಡಬ್ಬಿ ಬ್ರಿಡ್ಜ್ ಮೋಡಲ್ಲಿದ್ದು (ಅಂದ್ರೆ ತಾನು ಲಾಗಿನ್ ಮಾಡ್ದೆ ಲೈನ್ ಮಾತ್ರ ದಾಟಿಸ್ತಾ ಇದ್ದು), ಪಿಪಿಪಿಒಇ ಅನ್ನೋ ಇಂಟರ್ನೆಟ್ ಲಾಗಿನ್ 841ರಲ್ಲೇ ಆಗ್ಬೇಕು ಅಂದ್ರೆ ಮಾತ್ರ ಕಂಪನಿ ಫರ್ಮ್‌ವೇರ್ ಕೈ ಕೊಡತ್ತೆ, ಯಾಕಂದ್ರೆ ಇಂಟರ್ನೆಟ್ ನೀಲಿ ಪೋರ್ಟಿಂದಲೇ ಬರ್ಬೇಕು ಅಂತ ಅದ್ರಲ್ಲಿ ಗಟ್ಟಿಯಾಗಿ ಬರ್ದಿರತ್ತೆ. ಆಗ ಓಪನ್‌ಡಬ್ಲ್ಯೂಆರ್‌ಟಿ ಥರದ, ರೌಟರಿಗೆ ಅಂತಾನೇ ಇರೋ ಓಪನ್ ಸೋರ್ಸ್ ಫರ್ಮ್‌ವೇರ್ ಬೇಕು.

ಈಗ "ಸ್ವಂತ ಫರ್ಮ್‌ವೇರ್" ಅನ್ನೋ ಮಾತಿಗೆ ಬರ್ತೀನಿ. ರೌಟರ್ ಫರ್ಮ್‌ವೇರನ್ನ ಸೊನ್ನೆಯಿಂದ ಯಾರೂ ಬರೆಯಲ್ಲ, ಕಂಪನಿಯವ್ರೂ ಬರೆಯಲ್ಲ. ಲಿಂಕ್‌ಸಿಸ್ ಕಂಪನಿ 2002ರ ಡಿಸೆಂಬರಲ್ಲಿ ಡಬ್ಲ್ಯೂಆರ್‌ಟಿ54ಜಿ ಅಂತ ಒಂದು ನೀಲಿ-ಕಪ್ಪು ರೌಟರ್ ಬಿಡ್ತು, 2003ರಲ್ಲಿ ಸಿಸ್ಕೋ ಆ ಕಂಪನಿನೇ ಕೊಂಡ್ಕೊಳ್ತು. ಅದೇ ವರ್ಷ ಜೂನಲ್ಲಿ ಲಿನಕ್ಸ್ ಕರ್ನಲ್ (ಲಿನಕ್ಸಿನ ತಿರುಳು) ಬರೆಯೋ ಜನರ ಮಧ್ಯೆ ಗುಲ್ಲೆದ್ದಿತು, ಈ ರೌಟರ್ ಒಳಗೆ ಓಡ್ತಿರೋದು ಲಿನಕ್ಸು, ಜಿಪಿಎಲ್ ಲೈಸೆನ್ಸ್ ಪ್ರಕಾರ ಸೋರ್ಸ್ ಕೋಡ್ ಕೊಡ್ಬೇಕು, ಕೊಟ್ಟಿಲ್ಲ ಅಂತ. ಸಿಸ್ಕೋಗೂ ಪಾಪ ಪೂರ್ತಿ ಗೊತ್ತಿರ್ಲಿಲ್ಲ ಅನ್ಸತ್ತೆ, ಚಿಪ್ ಬ್ರಾಡ್‌ಕಾಮ್‌ದು, ಸಾಫ್ಟ್‌ವೇರ್ ಮಾಡಿದ್ದು ತೈವಾನಿನ ಸೈಬರ್‌ಟ್ಯಾನ್, ಇವ್ರು ಮೇಲೆ ಹೆಸರು ಅಂಟಿಸಿದ್ದು. ಕೊನೆಗೆ ಸೋರ್ಸ್ ಹೊರಗೆ ಬಂತು, ಅದನ್ನ ಹಿಡ್ಕೊಂಡು 2004ರ ಜನವರಿಲಿ ಓಪನ್‌ಡಬ್ಲ್ಯೂಆರ್‌ಟಿ ಶುರುವಾಯ್ತು, ಹೆಸರಲ್ಲಿ "ಡಬ್ಲ್ಯೂಆರ್‌ಟಿ" ಬಂದಿದ್ದೇ ಆ ರೌಟರಿಂದ. 2005ರಲ್ಲಿ ಬಂದ 5ನೇ ವರ್ಷನಲ್ಲಿ ಅದೇ ಕಂಪನಿ ಲಿನಕ್ಸ್ ಕಿತ್ತು ವಿಎಕ್ಸ್‌ವರ್ಕ್ಸ್ ಅನ್ನೋ ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕಿ ಫ್ಲಾಶ್ (ಫರ್ಮ್‌ವೇರ್ ಇರೋ ಮೆಮೊರಿ) 2 ಎಂಬಿಗೆ, ರಾಮ್ 8 ಎಂಬಿಗೆ ಇಳಿಸ್ತು, ಜನ ಬೈದ್ಮೇಲೆ ಲಿನಕ್ಸ್ ಬೇಕಾದವ್ರಿಗೆ ಅಂತಾನೇ ಡಬ್ಲ್ಯೂಆರ್‌ಟಿ54ಜಿಎಲ್ ಅಂತ ಬೇರೆ ಮಾಡೆಲ್ ಬಿಡ್ತು. ಆದ್ರೂ ಸೋರ್ಸ್ ಜಗಳ ಮುಗೀಲಿಲ್ಲ, 2008ರಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಸಿಸ್ಕೋ ಮೇಲೆ ಕೇಸೇ ಹಾಕ್ತು, 2009ರಲ್ಲಿ ರಾಜಿ ಆಯ್ತು. ಇಷ್ಟುದ್ದ ಯಾಕೆ ಹೇಳ್ದೆ ಅಂದ್ರೆ ನಿಮ್ಮ ಪ್ರಾಜೆಕ್ಟಲ್ಲಿ ಲಕ್ಷಾಂತರ ಸಾಲು ಬೇರೆಯವ್ರದ್ದು, ನಿಮ್ಮದು ಇನ್ನೂರು ಸಾಲು ಇದ್ರೆ ಹೆಚ್ಚು. ವೈವಾದಲ್ಲಿ ಕೇಳಿದ್ರೆ ಹಾಗೇ ಹೇಳಿ, ಮುಚ್ಚಿಡೋಕೆ ಹೋಗ್ಬೇಡಿ.

ಇನ್ನು ನಿಮ್ಮ ಕೈಲಿರೋ ಪೆಟ್ಟಿಗೆ. 841 ವರ್ಷನ್ 9ರಲ್ಲಿ ಇರೋದು ಕ್ವಾಲ್‌ಕಾಮ್ ಅಥೆರೋಸ್‌ನ ಕ್ಯೂಸಿಎ9533 ಚಿಪ್ಪು, 550 ಮೆಗಾಹರ್ಟ್ಸ್, 32 ಎಂಬಿ ರಾಮ್, 4 ಎಂಬಿ ಫ್ಲಾಶ್. ಹೌದು 4 ಎಂಬಿ, ವಾಟ್ಸಾಪಲ್ಲಿ ಬರೋ ಒಂದು ಗುಡ್ ಮಾರ್ನಿಂಗ್ ವಿಡಿಯೋ ಹಿಡಿಸಲ್ಲ. ಅದ್ರಲ್ಲೂ ಮೊದಲ 128 ಕೆಬಿ ಬೂಟ್‌ಲೋಡರ್ (ಪವರ್ ಹಾಕಿದ ಕೂಡ್ಲೇ ಮೊದಲು ಓಡೋ ಪುಟ್ಟ ಪ್ರೋಗ್ರಾಮ್), ಕೊನೆಯ 64 ಕೆಬಿ ಎಆರ್‌ಟಿ ಅನ್ನೋ ರೇಡಿಯೋ ಲೆಕ್ಕದ ಭಾಗ, ನಡುವೆ ಉಳಿಯೋದು 3904 ಕೆಬಿ, ಕರ್ನಲ್ಲು, ಫೈಲ್ ಸಿಸ್ಟಮ್ಮು, ನಿಮ್ಮ ಸೆಟ್ಟಿಂಗ್ಸು ಎಲ್ಲಾ ಇಷ್ಟ್ರಲ್ಲೇ. ಚಿಪ್ ಬಗ್ಗೆ ಒಂದು ಖುಷಿ ವಿಷ್ಯ, ಅಥೆರೋಸ್ ವೈಫೈಗೆ ಎಥ್9ಕೆ ಅನ್ನೋ ಪೂರ್ತಿ ಓಪನ್ ಡ್ರೈವರ್ ಇದೆ. ಬ್ರಾಡ್‌ಕಾಮ್ ಆಗಿದ್ರೆ ಅರ್ಧ ದಾರೀಲೇ ನಿಲ್ತಿದ್ರಿ, ಅವ್ರ ವೈಫೈ ಡ್ರೈವರ್ ಮುಚ್ಚಿಟ್ಟಿದ್ದು, ಅದಕ್ಕೇ ಫ್ರೆಶ್‌ಟೊಮ್ಯಾಟೊ ಅನ್ನೋ ಇನ್ನೊಂದು ರೌಟರ್ ಫರ್ಮ್‌ವೇರಿನವ್ರು ಇವತ್ತಿಗೂ ಕಂಪನಿ ಕೊಟ್ಟ ರೆಡಿ ಡ್ರೈವರ್ ಕಾಲದ ಹಳೇ ಕರ್ನಲ್ಲಿಗೇ ಅಂಟ್ಕೊಂಡಿರ್ಬೇಕಾಗಿದೆ. ಹೊಸ ರೌಟರ್ ತಗೊಳ್ಳೋರೂ ಆಂಟೆನಾ ಎಷ್ಟಿದೆ ಅಂತ ಎಣಿಸೋಕಿಂತ ಒಳಗಿನ ಚಿಪ್ ಯಾವ್ದು ನೋಡ್ಬೇಕು, ಮೀಡಿಯಾಟೆಕ್ ಇದ್ರೆ ಸಾಮಾನ್ಯವಾಗಿ ನಿಶ್ಚಿಂತೆ.

ಬೇಸರದ ವಿಷ್ಯ ಅಂದ್ರೆ 4 ಎಂಬಿ ಫ್ಲಾಶ್, 32 ಎಂಬಿ ರಾಮ್ ಇರೋ ರೌಟರ್‌ಗಳಿಗೆ ಓಪನ್‌ಡಬ್ಲ್ಯೂಆರ್‌ಟಿಯವ್ರು ಅಧಿಕೃತ ಇಮೇಜ್ (ರೌಟರಿಗೆ ಹಾಕೋ ರೆಡಿ ಫರ್ಮ್‌ವೇರ್ ಫೈಲ್) ಕೊಟ್ಟಿದ್ದು 19.07 ಅನ್ನೋ ವರ್ಷನ್ ತನಕ ಮಾತ್ರ, ಅದಕ್ಕೂ 2022ರಲ್ಲಿ ಸಪೋರ್ಟ್ ನಿಲ್ಲಿಸಿದ್ರು. ಅವ್ರನ್ನ ಬೈಯೋ ಹಾಗಿಲ್ಲ, ಕರ್ನಲ್ ವರ್ಷ ವರ್ಷ ದಪ್ಪ ಆಗ್ತಾ ಹೋಗತ್ತೆ, 3904 ಕೆಬಿ ಹಿಗ್ಗಲ್ಲ. ಹಾಗಾಗಿ 841 ನಿಮಗೆ ಕಲಿಯೋಕೆ ಚಿನ್ನದಂಥ ಪೆಟ್ಟಿಗೆ, ಆದ್ರೆ ಸೆಕ್ಯುರಿಟಿ ಅಪ್ಡೇಟ್ ನಿಂತಿರೋ ಫರ್ಮ್‌ವೇರ್ ಹಾಕಿ ಇಡೀ ಮನೆಯ ಇಂಟರ್ನೆಟ್ ಬಾಗಿಲಲ್ಲಿ ವರ್ಷಗಟ್ಲೆ ಕೂರಿಸ್ಬೇಡಿ. ಪ್ರಾಜೆಕ್ಟ್ ಮುಗಿದ್ಮೇಲೆ ಅದನ್ನ ಅಡಿಕೆ ಚಪ್ಪರದ ಕಡೆಗೋ ಕೊಟ್ಟಿಗೆ ಕಡೆಗೋ ವೈಫೈ ಪಾಯಿಂಟ್ ಮಾಡ್ಕೊಳ್ಳಿ.

ಈಗ ಅಸಲಿ ವಿಷಯ. ಎಲ್ರೂ "ಎಲ್ಲಿಂದ ಶುರು ಮಾಡ್ಲಿ" ಅಂತ ಕೇಳ್ದಾಗ ಗಿಟ್ಟು, ಮೇಕ್‌ಫೈಲು ಅಂತ ಹೇಳಿ ಕಳಿಸ್ತಾರೆ, ನಾನು ಹೇಳೋದು ವಾಪಸ್ ಬರೋ ದಾರಿಯಿಂದ ಶುರು ಮಾಡಿ ಅಂತ. ನೀವು ಮಾಡೋ ಮೊದಲ ಹತ್ತು ಇಮೇಜಲ್ಲಿ ನಾಲ್ಕಾದ್ರೂ ಬೂಟ್ ಆಗಲ್ಲ, ಇದು ಶಾಪ ಅಲ್ಲ, ಎಲ್ರಿಗೂ ಆಗೋದು. ಆಗ ಎದ್ದು ಬರೋಕೆ ಬೂಟ್‌ಲೋಡರ್ ಒಂದೇ ಗತಿ, ಅದಕ್ಕೇ ಆ ಮೊದಲ 128 ಕೆಬಿ ಮಾತ್ರ ಯಾವತ್ತೂ ಮುಟ್ಬೇಡಿ. ಬೂಟ್‌ಲೋಡರ್ ಬದುಕಿದ್ರೆ ರೌಟರ್ ಬದುಕಿದೆ ಅಂತಲೇ ಲೆಕ್ಕ. 841ರಲ್ಲಿ ರೀಸೆಟ್ ಬಟನ್ ಒತ್ತಿ ಹಿಡ್ಕೊಂಡು ಪವರ್ ಆನ್ ಮಾಡಿದ್ರೆ ಅದು 192.168.0.66 ಅನ್ನೋ ಐಪಿಲಿ ಟಿಎಫ್‌ಟಿಪಿ (ಫೈಲ್ ಕಳಿಸೋ ಒಂದು ಸರಳ ವಿಧಾನ) ಸರ್ವರ್ ಹುಡುಕತ್ತೆ, ಅಂದ್ರೆ ನಿಮ್ಮ ಲ್ಯಾಪ್‌ಟಾಪಿಗೆ ಆ ಐಪಿ ಕೊಟ್ಟು, ಹಳದಿ ಪೋರ್ಟಿಗೆ ಕೇಬಲ್ ಹಾಕಿ, ಟಿಎಫ್‌ಟಿಪಿ ಸರ್ವರ್ ಓಡಿಸಿ, ಅದು ಕೇಳೋ ಹೆಸರಲ್ಲೇ ಫರ್ಮ್‌ವೇರ್ ಫೈಲ್ ಇಟ್ರೆ ತಾನೇ ಎಳ್ಕೊಂಡು ಬರ್ಕೊಳ್ಳತ್ತೆ. ಆ ಹೆಸರು ವರ್ಷನ್ ಮೇಲೆ ಬದಲಾಗತ್ತೆ, ಓಪನ್‌ಡಬ್ಲ್ಯೂಆರ್‌ಟಿ ವಿಕಿಯ ಡಿವೈಸ್ ಪೇಜಲ್ಲಿದೆ, ಒಂದಕ್ಷರ ತಪ್ಪಿದ್ರೂ ಕೆಲ್ಸ ಆಗಲ್ಲ, ನೀವು ಮಾತ್ರ ರಾತ್ರಿಯಿಡೀ ಫೈರ್‌ವಾಲ್ ಬೈಕೊಂಡು ಕೂತಿರ್ತೀರ.

ಇಲ್ಲೊಂದು ಹಳ್ಳ ಇದೆ. ಕಂಪನಿ ಫರ್ಮ್‌ವೇರಿಗೆ ವಾಪಸ್ ಹೋಗೋಕೆ ಅವ್ರ ಸೈಟಿಂದ ಇಳಿಸ್ಕೊಳ್ಳೋ ಫೈಲಿನ ಹೆಸರಲ್ಲಿ "ಬೂಟ್" ಅನ್ನೋ ಪದ ಇದ್ರೆ ಅದ್ರ ತಲೆಯಲ್ಲಿ ಬೂಟ್‌ಲೋಡರೂ ಸೇರಿರತ್ತೆ, ಅದನ್ನ ಹಾಗೇ ಫರ್ಮ್‌ವೇರ್ ಜಾಗಕ್ಕೆ ಬರೆದ್ರೆ ಎಲ್ಲಾ ಮುಂದಕ್ಕೆ ಜರುಗಿ ರೌಟರ್ ಕಲ್ಲಾಗತ್ತೆ. ಶುರುವಿನ 131584 ಬೈಟ್ ಕತ್ತರಿಸಿ ಬಿಸಾಕ್ಬೇಕು, ಲಿನಕ್ಸಿನ ಡಿಡಿ ಕಮಾಂಡಲ್ಲಿ 512ರ ಬ್ಲಾಕ್ ಸೈಜಿಟ್ಟು 257 ಸ್ಕಿಪ್ ಮಾಡಿದ್ರೆ ಸರಿಯಾಗಿ ಅಷ್ಟೇ ಆಗತ್ತೆ.

ಎರಡನೇ ದಾರಿ ಸೀರಿಯಲ್ ಕನ್ಸೋಲ್, ಅಂದ್ರೆ ಬೋರ್ಡಿಗೇ ವೈರ್ ಹಾಕಿ ಲ್ಯಾಪ್‌ಟಾಪಿಂದ ರೌಟರ್ ಜೊತೆ ನೇರ ಮಾತಾಡೋದು. ಯುಎಸ್‌ಬಿ-ಟಿಟಿಎಲ್ ಅಡಾಪ್ಟರ್ ಒಂದು ತಗೊಳ್ಳಿ, ಸಿಪಿ2102 ಇಲ್ಲಾ ಸಿಎಚ್340 ಚಿಪ್ಪಿಂದು, ಬೆಂಗಳೂರಿಗೆ ಬಂದಾಗ ಎಸ್‌ಪಿ ರೋಡಲ್ಲಿ ಹುಡುಕಿದ್ರೆ ಸಿಗತ್ತೆ, ಆನ್‌ಲೈನಲ್ಲೂ ಸಿಗತ್ತೆ. 3.3 ವೋಲ್ಟ್ ಇರ್ಬೇಕು, 5 ವೋಲ್ಟಿಂದು ಹಾಕಿದ್ರೆ ಸಿಡಿಲು ಉಳಿಸಿದ್ದನ್ನ ನೀವೇ ಸುಡ್ತೀರ. ಬೋರ್ಡಲ್ಲಿ ಸಾಲಾಗಿ ನಾಲ್ಕು ಪಾಯಿಂಟ್ ಇರತ್ತೆ, ಗ್ರೌಂಡ್ ಯಾವ್ದು ಅಂತ ಮಲ್ಟಿಮೀಟರಲ್ಲಿ ಕಂಡ್ಕೊಂಡು ಗ್ರೌಂಡು, ಟಿಎಕ್ಸು, ಆರ್‌ಎಕ್ಸು ಮೂರೇ ವೈರ್ ಹಾಕಿ, ವಿಸಿಸಿ ಪಾಯಿಂಟಿಗೆ ಏನೂ ಹಾಕ್ಬೇಡಿ, ರೌಟರಿಗೆ ಅದರದ್ದೇ ಅಡಾಪ್ಟರ್ ಇದ್ಯಲ್ಲ. ಇತ್ತ ಟಿಎಕ್ಸ್ ಅತ್ತ ಆರ್‌ಎಕ್ಸಿಗೆ. ಸ್ಪೀಡ್ 115200. ಪವರ್ ಹಾಕ್ತಿದ್ದ ಹಾಗೆ ಸ್ಕ್ರೀನ್ ಮೇಲೆ ಬೂಟ್‌ಲೋಡರ್ ಮಾತಾಡೋಕೆ ಶುರು ಮಾಡತ್ತೆ, ಒಂದು ಸೆಕೆಂಡ್ ಕಾಯ್ತೀನಿ ಅನ್ನತ್ತೆ, ಅಷ್ಟ್ರೊಳಗೆ ಟಿ, ಪಿ, ಎಲ್ ಅಂತ ಮೂರಕ್ಷರ ಒತ್ತಿದ್ರೆ ಅಲ್ಲೇ ನಿಲ್ಲತ್ತೆ. ಇದು ಆ ಕಾಲದ ಟಿಪಿ-ಲಿಂಕ್‌ಗಳ ಗುಟ್ಟು. ಕೆಲವು ಬೋರ್ಡಲ್ಲಿ ಅಕ್ಷರ ಬರತ್ತೆ ಆದ್ರೆ ನೀವು ಒತ್ತಿದ್ದು ಒಳಗೆ ಹೋಗಲ್ಲ, ಆರ್‌ಎಕ್ಸ್ ದಾರೀಲಿ ಒಂದು ರೆಸಿಸ್ಟರ್ ಹಾಕದೇ ಖಾಲಿ ಬಿಟ್ಟಿರ್ತಾರೆ, ಅಲ್ಲಿ ಬೆಸುಗೆ ಹಾಕಿ ಕೂಡಿಸ್ಬೇಕಾಗತ್ತೆ.

ಕನ್ಸೋಲ್ ಕೈಗೆ ಸಿಕ್ಕಿದ್ಮೇಲೆ ಇಮೇಜನ್ನ ಫ್ಲಾಶಿಗೆ ಬರೀದೇನೇ ಟೆಸ್ಟ್ ಮಾಡ್ಬಹುದು. ಇನಿಟ್‌ರಾಮ್‌ಎಫ್‌ಎಸ್ ಅಂತ ಒಂದು ಬಗೆಯ ಇಮೇಜ್ ಬರತ್ತೆ, ಅದನ್ನ ಬೂಟ್‌ಲೋಡರಿಂದ ಟಿಎಫ್‌ಟಿಪಿ ಮೂಲಕ ನೇರ ರಾಮಿಗೆ ಇಳಿಸಿ ಓಡಿಸೋದು, ಕೆಟ್ರೆ ಪವರ್ ತೆಗ್ದು ಹಾಕಿದ್ರೆ ಹಳೇದೇ ವಾಪಸ್. 32 ಎಂಬಿಲಿ ಸ್ವಲ್ಪ ಇಕ್ಕಟ್ಟು, ಸಣ್ಣ ಇಮೇಜ್ ಆದ್ರೆ ಹಿಡಿಸತ್ತೆ.

ಮೂರನೇದು ಎಆರ್‌ಟಿ. ಇದು ನಾನು ಪೆಟ್ಟು ತಿಂದು ಕಲ್ತಿದ್ದು. ಫ್ಯಾಕ್ಟರಿಲಿ ಪ್ರತಿ ರೌಟರಿನ ರೇಡಿಯೋವನ್ನೂ ಅಳೆದು, ಯಾವ ಚಾನೆಲಲ್ಲಿ ಎಷ್ಟು ಪವರ್ ಕೊಟ್ರೆ ಸರಿ ಅನ್ನೋ ಲೆಕ್ಕಾನ ಆ ಕೊನೆಯ 64 ಕೆಬಿಲಿ ಬರೆದಿಡ್ತಾರೆ, ನಿಮ್ಮ ರೌಟರಿಂದು ನಿಮ್ಮ ರೌಟರಿಗೆ ಮಾತ್ರ, ಇನ್ನೆಲ್ಲೂ ಅದ್ರ ಕಾಪಿ ಸಿಗಲ್ಲ. ಸುಮಾರು ವರ್ಷದ ಹಿಂದೆ ನನ್ನದೊಂದು ರೌಟರ್ ಸತ್ತಾಗ ಗೆಳೆಯನ ಹತ್ರ ಅದೇ ಮಾಡೆಲ್ ಇತ್ತು, ಅದ್ರ ಫ್ಲಾಶ್ ಚಿಪ್ಪಿಗೆ ಕ್ಲಿಪ್ ಹಾಕಿ 4 ಎಂಬಿ ಪೂರ್ತಿ ಓದಿ ನನ್ನದಕ್ಕೆ ಬರ್ದೆ, ಎದ್ದು ಕೂತ್ಕೊಳ್ತು, ನಾನೂ ಮೀಸೆ ತಿರುವಿದೆ. ಆಮೇಲೆ ಎರಡನ್ನೂ ಒಂದೇ ನೆಟ್‌ವರ್ಕಿಗೆ ಹಾಕ್ದಾಗ ಒಂದು ಬಂದ್ರೆ ಇನ್ನೊಂದು ಹೋಗೋದು, ಎರಡು ದಿನ ತಲೆ ಕೆಡಿಸ್ಕೊಂಡ್ಮೇಲೆ ಹೊಳೀತು, ಎರಡಕ್ಕೂ ಒಂದೇ ಮ್ಯಾಕ್ ಅಡ್ರೆಸ್ (ನೆಟ್‌ವರ್ಕಲ್ಲಿ ಒಂದೊಂದಕ್ಕೂ ಬೇರೆ ಬೇರೆ ಇರ್ಬೇಕಾದ ಗುರುತಿನ ನಂಬರ್)! ಟಿಪಿ-ಲಿಂಕ್ ಮ್ಯಾಕನ್ನ ಬೂಟ್‌ಲೋಡರ್ ಭಾಗದ ಬಾಲದಲ್ಲಿ ಇಟ್ಟಿರತ್ತೆ, ಅದೂ ಕಾಪಿ ಆಗಿತ್ತು. ಮ್ಯಾಕ್ ತಿದ್ದಿಕೊಂಡೆ, ಆದ್ರೆ ನನ್ನ ರೇಡಿಯೋದ ಲೆಕ್ಕ ಹೋಗಿದ್ದು ಹೋಗೇಹೋಯ್ತು, ಪಕ್ಕದ ರೂಮಿಗೆ ಬರ್ತಿದ್ದ ವೈಫೈ ಬಾಗಿಲ ಹತ್ರಾನೇ ಸುಸ್ತಾಗೋದು. ಅದಕ್ಕೇ ಹೇಳ್ತಿದೀನಿ, ಮೊದಲ ಸಲ ಓಪನ್‌ಡಬ್ಲ್ಯೂಆರ್‌ಟಿ ಒಳಗೆ ಎಸ್‌ಎಸ್‌ಎಚ್ (ನೆಟ್‌ವರ್ಕ್ ಮೂಲಕ ಕಮಾಂಡ್ ಕೊಡೋ ಲಾಗಿನ್) ಆದ ತಕ್ಷಣ ಬೇರೇನೂ ಮಾಡ್ದೆ ಎಲ್ಲಾ ಎಂಟಿಡಿ ಪಾರ್ಟಿಶನ್‌ಗಳ, ಅಂದ್ರೆ ಫ್ಲಾಶಿನ ಭಾಗಗಳ, ಕಾಪಿ ಲ್ಯಾಪ್‌ಟಾಪಿಗೆ ತಗೊಳ್ಳಿ, ಇನ್ನೊಂದು ಕಾಪಿ ನಿಮಗೆ ನೀವೇ ಮೇಲ್ ಮಾಡ್ಕೊಳ್ಳಿ. ಅಂದಹಾಗೆ ಆ ಕ್ಲಿಪ್ಪಿಗೆ ಜೋಡಿಸೋ ಸಿಎಚ್341ಎ ಪ್ರೋಗ್ರಾಮರ್ ತಗೊಂಡ್ರೆ ಹುಷಾರು, ಅಗ್ಗದ ಕಪ್ಪು ಬೋರ್ಡಲ್ಲಿ ಡೇಟಾ ವೈರ್‌ಗಳಿಗೆ 5 ವೋಲ್ಟ್ ಬರತ್ತೆ, ಫ್ಲಾಶ್ ಚಿಪ್ 3.3ರದ್ದು.

ಕರೆಂಟಿನ ವಿಷ್ಯ ಮಲೆನಾಡಿನವ್ರಿಗೆ ಹೇಳ್ಬೇಕಾ? ಫ್ಲಾಶ್ ಬರೀತಿರೋವಾಗ ಹೋದ್ರೆ ಗೋವಿಂದ, ಯುಪಿಎಸ್ ಇರೋ ಲೈನಿಗೆ ಹಾಕಿ. ಆದ್ರೆ ಮಿನಿ ಯುಪಿಎಸ್ ಸಿಕ್ತು ಅಂತ ನೋಡ್ದೆ ಚುಚ್ಬೇಡಿ, ಈ 841 ಓಡೋದು 9 ವೋಲ್ಟಲ್ಲಿ, ಅಂಗಡೀಲಿ ಮಿನಿ ಯುಪಿಎಸ್ ಅಂದ್ರೆ 12 ವೋಲ್ಟಿಂದೇ ಕೈಗಿಡ್ತಾರೆ.

ಇಷ್ಟಾದ್ಮೇಲೆ ಬಿಲ್ಡ್. ಕಂಪನಿಯ ವೆಬ್ ಪೇಜಿಂದಲೇ ಓಪನ್‌ಡಬ್ಲ್ಯೂಆರ್‌ಟಿಯ "ಫ್ಯಾಕ್ಟರಿ" ಇಮೇಜ್ ಹಾಕ್ಬಹುದು, ಫೈಲ್ ಹೆಸರು ಉದ್ದ ಇದ್ರೆ ಅದು ಒಪ್ಪಲ್ಲ, ಚಿಕ್ಕದು ಮಾಡಿ. ಒಂದ್ಸಲ ಒಳಗೆ ಹೋದ್ಮೇಲೆ "ಸಿಸ್‌ಅಪ್‌ಗ್ರೇಡ್" ಇಮೇಜ್. ಕಂಪೈಲ್ ಮಾಡೋ ಮುಂಚೆ ಇಮೇಜ್ ಬಿಲ್ಡರ್ ಅನ್ನೋದನ್ನ ಒಂದು ವಾರ ಆಡಿ ನೋಡಿ, ಅದ್ರಲ್ಲಿ ಕರ್ನಲ್, ಪ್ಯಾಕೇಜ್ ಎಲ್ಲಾ ಕಂಪೈಲ್ ಆಗೇ ಇರತ್ತೆ, ಯಾವ್ದು ಬೇಕು ಯಾವ್ದು ಬೇಡ ಅಂತ ಹೇಳಿದ್ರೆ ಒಂದೆರಡು ನಿಮಿಷದಲ್ಲಿ ಇಮೇಜ್ ಕಟ್ಟಿ ಕೊಡತ್ತೆ. 3904 ಕೆಬಿ ಅಂದ್ರೆ ಏನು ಅಂತ ಆಗ ಅರ್ಥ ಆಗತ್ತೆ. ವೆಬ್ ಪೇಜ್ ಕೊಡೋ ಲುಸಿ ಬೇಕಾ, ಐಪಿವಿ6 ಬೇಕಾ, ಎರಡೂ ಬೇಕು ಅಂದ್ರೆ ಸೆಟ್ಟಿಂಗ್ಸ್ ಬರ್ಕೊಳ್ಳೋಕೆ ಜಾಗ ಉಳಿಯತ್ತಾ. ನಿಮಗೆ ಪಿಪಿಪಿಒಇ ಬೇಕು, ಅದನ್ನ ಬಿಡೋ ಹಾಗಿಲ್ಲ, ಲುಸಿ ಬಿಡಿ. ಕಮಾಂಡಲ್ಲೇ ಸೆಟ್ಟಿಂಗ್ಸ್ ಬದಲಿಸೋ ಯುಸಿಐ ಕಲ್ತಿರೋದೇ ಒಳ್ಳೇದು.

ಪೂರ್ತಿ ಸೋರ್ಸಿಂದ ಕಂಪೈಲ್ ಮಾಡೋವಾಗ 19.07 ಹಳೇದು ಅನ್ನೋದು ಮರೀಬೇಡಿ, ಅದು ಪೈಥಾನ್ 2 ಕೇಳತ್ತೆ, ಹೊಸ ಉಬುಂಟುವಿನ ಜಿಸಿಸಿಗೂ ಅದಕ್ಕೂ ಆಗ್ಬರಲ್ಲ, ಡೆಬಿಯನ್ 10ರ ಒಂದು ವರ್ಚುವಲ್ ಮಷೀನ್ ಮಾಡ್ಕೊಂಡ್ರೆ ತಲೆನೋವು ಕಮ್ಮಿ. ಫೋಲ್ಡರ್ ಹೆಸರಲ್ಲಿ ಸ್ಪೇಸ್ ಬೇಡ, ರೂಟ್ ಆಗಿ ಓಡಿಸ್ಬೇಡಿ, ಹತ್ತು ಹದಿನೈದು ಜಿಬಿ ಜಾಗ ಖಾಲಿ ಇಡಿ. ಮೊದಲ ಸಲ ಅದು ಕಂಪೈಲರನ್ನೇ ಕಂಪೈಲ್ ಮಾಡ್ಕೊಂಡು ಶುರು ಮಾಡೋದ್ರಿಂದ ಗಂಟೆಗಟ್ಲೆ ಹಿಡಿಯತ್ತೆ, ಊಟ ಮುಗಿಸ್ಕೊಂಡು ಬನ್ನಿ. ಎಡವಿದ್ರೆ ಕೊನೇ ಸಾಲಿನ ಎರರ್ ನೋಡಿ ಪ್ರಯೋಜನ ಇಲ್ಲ, ಒಂದೇ ಜಾಬಲ್ಲಿ, ವರ್ಬೋಸ್ ಹಾಕಿ ಮತ್ತೆ ಓಡಿಸಿದ್ರೆ ನಿಜವಾದ ಎರರ್ ಎಲ್ಲೋ ಮೇಲೆ ಸಿಗತ್ತೆ.

ಸತ್ತ ಪೋರ್ಟಿನ ಕೆಲ್ಸ ನಿಜ ಹೇಳ್ಬೇಕಂದ್ರೆ ಕೋಡೇ ಅಲ್ಲ. ನಾಲ್ಕೂ ಹಳದಿ ಪೋರ್ಟ್ ಚಿಪ್ಪಿನ ಒಳಗಿರೋ ಒಂದು ಸ್ವಿಚ್ಚಿಗೆ ಸೇರಿರತ್ತೆ, ಆ ಸ್ವಿಚ್ಚಿಗೆ ವಿಲ್ಯಾನ್ (ಒಂದೇ ಸ್ವಿಚ್ಚಿನ ಪೋರ್ಟ್‌ಗಳನ್ನ ಬೇರೆ ಬೇರೆ ಗುಂಪು ಮಾಡೋದು) ಗೊತ್ತು. ಮೂರು ಪೋರ್ಟನ್ನ ವಿಲ್ಯಾನ್ 1ರಲ್ಲಿ ಬಿಟ್ಟು ಒಂದನ್ನ ವಿಲ್ಯಾನ್ 2ಕ್ಕೆ ಹಾಕಿ, ಸಿಪಿಯು ಪೋರ್ಟನ್ನ ಎರಡರಲ್ಲೂ ಟ್ಯಾಗ್ ಮಾಡಿ, ವ್ಯಾನ್ ಅನ್ನೋ, ಇಂಟರ್ನೆಟ್ ಕಡೆಯ ಇಂಟರ್‌ಫೇಸನ್ನ ಸುಟ್ಟ ಪೋರ್ಟಿಂದ ಬಿಡಿಸಿ ಆ ವಿಲ್ಯಾನ್ 2ಕ್ಕೆ ಕಟ್ಟಿದ್ರೆ ಮುಗೀತು, ನೆಟ್‌ವರ್ಕ್ ಕಾನ್ಫಿಗ್ ಫೈಲಲ್ಲಿ ಹತ್ತು ಹದಿನೈದು ಸಾಲು. ಡಬ್ಬಿ ಮೇಲೆ ಬರೆದಿರೋ ಪೋರ್ಟ್ ನಂಬರಿಗೂ ಸ್ವಿಚ್ಚಿನ ನಂಬರಿಗೂ ತಾಳೆ ಇರ್ಲೇಬೇಕು ಅಂತಿಲ್ಲ, ಒಂದೊಂದೇ ಕೇಬಲ್ ಹಾಕಿ ಸ್ವಿಚ್‌ಕಾನ್ಫಿಗ್ ಅನ್ನೋ ಕಮಾಂಡಲ್ಲಿ ಲಿಂಕ್ ಯಾವ್ದಕ್ಕೆ ಬಂತು ನೋಡಿ ಬರ್ಕೊಳ್ಳಿ. ತಪ್ಪಿ ನಿಮ್ಮನ್ನ ನೀವೇ ಹೊರಗೆ ಹಾಕ್ಕೊಂಡ್ರೆ ಫೇಲ್‌ಸೇಫ್ ಮೋಡ್ ಇದೆ, ಬೂಟ್ ಆಗೋವಾಗ ಎಲ್‌ಇಡಿ ಬೇಗ ಬೇಗ ಮಿಣುಕತ್ತಲ್ಲ, ಆಗ ಬಟನ್ ಒತ್ತಿದ್ರೆ ನಿಮ್ಮ ಸೆಟ್ಟಿಂಗ್ಸ್ ಓದ್ದೆ 192.168.1.1ರಲ್ಲಿ ಎದ್ದೇಳತ್ತೆ.

ಇಷ್ಟಕ್ಕೇ ಪ್ರಾಜೆಕ್ಟ್ ಅಂದ್ರೆ ಗೈಡ್ ಒಪ್ಪಲ್ಲ ಅನ್ಕೋತೀನಿ, ಅದಕ್ಕೆ ಸಿಯಲ್ಲಿ ಒಂದು ಸಣ್ಣ ಪ್ರೋಗ್ರಾಮ್ ಬರ್ದು ಪ್ಯಾಕೇಜ್ ಮಾಡಿ. ಉದಾಹರಣೆಗೆ ಮೂವತ್ತು ಸೆಕೆಂಡಿಗೊಮ್ಮೆ ಪಿಪಿಪಿಒಇ ಬದುಕಿದ್ಯಾ ನೋಡಿ, ಸತ್ತಿದ್ರೆ ಒಂದು ಎಲ್‌ಇಡಿ ಮಿಣುಕಿಸಿ, ಮೂರ್ಸಲ ಸತ್ರೆ ಕನೆಕ್ಷನ್ ಮತ್ತೆ ಎತ್ತೋದು. ಮನೇಲಿ ಅಮ್ಮನೂ ಆ ಎಲ್‌ಇಡಿ ನೋಡಿ ಲೈನ್ ಹೋಗಿದ್ಯೋ ವೈಫೈ ಹೋಗಿದ್ಯೋ ಹೇಳ್ಬಹುದು. ಇದ್ರಲ್ಲಿ ಎರಡು ವಿಷ್ಯ ಕಾಡತ್ತೆ. ಈ ಮಿಪ್ಸ್ ಚಿಪ್ ಬಿಗ್ ಎಂಡಿಯನ್, ನಿಮ್ಮ ಲ್ಯಾಪ್‌ಟಾಪ್ ಲಿಟಲ್ ಎಂಡಿಯನ್, ಅಂದ್ರೆ ಸಂಖ್ಯೆಯ ಬೈಟ್‌ಗಳನ್ನ ಇಡೋ ಕ್ರಮ ಒಂದಕ್ಕೊಂದು ಉಲ್ಟಾ, ಸ್ಟ್ರಕ್ಟನ್ನ ಹಾಗೇ ಫೈಲಿಗೆ ಬರ್ದು ಅಲ್ಲಿಂದ ಇಲ್ಲಿ ಓದಿದ್ರೆ 1 ಅನ್ನೋದು 16777216 ಆಗಿ ಕೂತಿರತ್ತೆ. ಇನ್ನೊಂದು, ಲಾಗನ್ನ ಫ್ಲಾಶಿಗೆ ಬರೀಬೇಡಿ, ಟಿಎಂಪಿ ಫೋಲ್ಡರ್ ರಾಮಲ್ಲಿರತ್ತೆ ಅಲ್ಲಿ ಬರೀರಿ, ಅದೂ ಬೆಳೀತಾ ಹೋದ್ರೆ 32 ಎಂಬಿ ತುಂಬಿ ಕರ್ನಲ್ ಸಿಕ್ಕಿದ ಪ್ರೋಗ್ರಾಮನ್ನ ಕೊಲ್ಲೋಕೆ ಶುರು ಮಾಡತ್ತೆ. ಮೇಕ್‌ಫೈಲಲ್ಲಿ ಸ್ಪೇಸ್ ಅಲ್ಲ ಟ್ಯಾಬ್, ಇದನ್ನ ಎಷ್ಟು ಸಲ ಹೇಳಿದ್ರೂ ಎಲ್ರೂ ಒಂದ್ಸಲ ಬೀಳ್ತಾರೆ.

ಕಾನೂನು. ನಿಮ್ಮ ರೌಟರ್, ನಿಮ್ಮ ಇಷ್ಟ, ವಾರಂಟಿ ಇದ್ರೆ ಹೋಗತ್ತೆ ಅಷ್ಟೇ, ನಿಮ್ಮದಕ್ಕೆ ಹೇಗೂ ಮುಗ್ದಿರತ್ತೆ. ತಪ್ಪಾಗೋದು ರೇಡಿಯೋ ವಿಷಯದಲ್ಲಿ. ರೇಂಜ್ ಜಾಸ್ತಿ ಸಿಗತ್ತೆ ಅಂತ ಕಂಟ್ರಿ ಕೋಡ್ ಬೇರೆ ದೇಶದ್ದು ಹಾಕಿ ಪವರ್ ಏರಿಸೋ ಐಡಿಯಾ ಎಲ್ಲಾ ಕಡೆ ಹರಿದಾಡತ್ತೆ, ಮಾಡ್ಬೇಡಿ, ಇಂಡಿಯಾ ಕೋಡೇ ಇರ್ಲಿ. ಅಮೆರಿಕದಲ್ಲಿ 2016ರಲ್ಲಿ ಎಫ್‌ಸಿಸಿ (ಅಲ್ಲಿನ ರೇಡಿಯೋ ನಿಯಮ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ) ಟಿಪಿ-ಲಿಂಕಿಗೆ 2 ಲಕ್ಷ ಡಾಲರ್ ದಂಡ ಹಾಕಿದ್ದು ಇದೇ ಥರದ ಕಾರಣಕ್ಕೆ, ಕಂಟ್ರಿ ಸೆಟ್ಟಿಂಗ್ ಬದಲಾಯಿಸಿ ಮಿತಿ ಮೀರಿದ ಪವರಲ್ಲಿ ಓಡಿಸ್ಬಹುದಿತ್ತು ಅಂತ. ತಮಾಷೆ ಅಂದ್ರೆ ಅದೇ ರಾಜಿ ಒಪ್ಪಂದದಲ್ಲಿ ಹೊರಗಿನವ್ರ ಫರ್ಮ್‌ವೇರಿಗೂ ದಾರಿ ಮಾಡ್ಕೊಡೋ ಕೆಲ್ಸ ಮಾಡ್ತೀವಿ ಅಂತ ಕಂಪನಿ ಒಪ್ಕೊಂಡಿತು, ಅದಕ್ಕೂ ಮುಂಚೆ ಎಫ್‌ಸಿಸಿ ರೂಲ್ಸಿಗೆ ಹೆದರಿ ಎಲ್ಲಾ ಲಾಕ್ ಮಾಡೋಕೆ ಹೊರಟಿದ್ರು. ಮತ್ತೆ ನಿಮ್ಮ ಇಮೇಜ್ ಯಾರಿಗಾದ್ರೂ ಕೊಟ್ರೆ ಅದ್ರ ಸೋರ್ಸೂ ಕೊಡ್ಬೇಕು, 2003ರ ಜಗಳ ಆಗಿದ್ದೇ ಅದಕ್ಕಲ್ವಾ. ಫೈಬರ್ ಡಬ್ಬಿಗೆ ಮಾತ್ರ ಕೈ ಹಾಕ್ಬೇಡಿ, ಅದು ಸಾಮಾನ್ಯವಾಗಿ ಕಂಪನಿಯವ್ರ ಸ್ವತ್ತು, ಅದ್ರ ಫೈಬರ್ ಕಡೆಯ ಡ್ರೈವರ್‌ಗಳೂ ಮುಚ್ಚಿದ್ದೇ.

ಮುಂದೆ ಮನೆಗೆ ಅಂತ ತಗೊಳ್ಳೋದಾದ್ರೆ ಕಮ್ಮಿ ಅಂದ್ರೂ 16 ಎಂಬಿ ಫ್ಲಾಶ್, 128 ಎಂಬಿ ರಾಮ್ ನೋಡಿ, ಸೆಕೆಂಡ್ ಹ್ಯಾಂಡಲ್ಲಿ ಆರ್ಚರ್ ಸಿ7 ಸಿಕ್ಕಿದ್ರೆ ಸಾಕು. ಓಪನ್‌ಡಬ್ಲ್ಯೂಆರ್‌ಟಿಯವ್ರದ್ದೇ "ಒನ್" ಅಂತ ಒಂದು ರೌಟರ್ 2024ರ ಕೊನೆಗೆ ಬಂತು, ಆಗ 89 ಡಾಲರ್ ಇತ್ತು, 1 ಜಿಬಿ ರಾಮ್, ಕನ್ಸೋಲಿಗೆ ಬೆಸುಗೆ ಹಾಕೋದೇ ಬೇಡ, ಯುಎಸ್‌ಬಿ-ಸಿ ಕೇಬಲ್ ಸಾಕು, ಒಂದು ಸ್ವಿಚ್ ತಿರುಗಿಸಿದ್ರೆ ಬೇರೆ ಫ್ಲಾಶಲ್ಲಿರೋ ರಿಕವರಿಯಿಂದ ಎದ್ದು ಬರತ್ತೆ, ಕಲ್ಲು ಮಾಡೋದೇ ಕಷ್ಟ. ಸದ್ಯಕ್ಕೆ ನಿಮಗೆ 841ಏ ಸರಿ.

ಬಿಚ್ಚೋ ಮುಂಚೆ ಕೆಳಗಿನ ಸ್ಟಿಕ್ಕರಲ್ಲಿ ವರ್ಷನ್ 9 ಅಂತಲೇ ಇದ್ಯಾ ಇನ್ನೊಮ್ಮೆ ನೋಡಿ, ವರ್ಷನ್ 14 ಆಗಿದ್ರೆ ಒಳಗಿರೋ ಚಿಪ್ಪೇ ಬೇರೆ, ಮೇಲೆ ಹೇಳಿದ್ದು ಅರ್ಧಕ್ಕರ್ಧ ಬದಲಾಗತ್ತೆ. ಸೀರಿಯಲ್ ಸಿಕ್ಕ ದಿನ ಪವರ್ ಹಾಕಿದಾಗಿಂದ ಬರೋ ಬೂಟ್ ಲಾಗ್ ಪೂರ್ತಿ ಕಾಪಿ ಮಾಡಿ ಕಳ್ಸಿ, ಫೋನಲ್ಲಿ ಸ್ಕ್ರೀನ್ ಫೋಟೋ ಹೊಡ್ದು ಕಳ್ಸಬೇಡಿ, ಟೆಕ್ಸ್ಟ್ ಆಗೇ ಕಳ್ಸಿ, ಪಿಪಿಪಿಒಇ ಪಾಸ್‌ವರ್ಡ್ ಏನಾದ್ರೂ ಅದ್ರಲ್ಲಿದ್ರೆ ಅಳಿಸಿ.